ಬಚ್ಚಲ ಮರದ ಅರ್ಜಿ

ಕೆಲಸ ಒಪ್ಪಿಸುವಾಗ ನಮ್ಮ ಸರ್ ಹೇಳಿದ್ದು ಇಷ್ಟೇ: “ಹೋಗಿ ಮರ ನೋಡ್ಕೊಂಡು ಬಾ. ನೋಡಿದ್ದನ್ನ ಇಂಗ್ಲಿಷಲ್ಲಿ ಬರಿ.” ನೋಡುವುದು ನನಗೆ ಚೆನ್ನಾಗಿ ಬರುತ್ತಿತ್ತು. ಬರೆದು ಮುಗಿಸುವಷ್ಟರಲ್ಲಿ ಎರಡು ಮಳೆಗಾಲ ಕಳೆದವು.

ತಿಪಟೂರಿನ ಹತ್ತಿರದ ಒಂದು ಸಣ್ಣ ತೆಂಗಿನ ಸಂಶೋಧನಾ ಘಟಕದಲ್ಲಿ ನಾನು ಕ್ಷೇತ್ರ ಸಹಾಯಕಿ. ಗರಿ ಎಣಿಸುವುದು, ಕಾಯಿ ತೂಗುವುದು, ಕಾಂಡದ ಸುತ್ತಳತೆ ತೆಗೆಯುವುದು ನನ್ನ ಕೆಲಸ. ಸರ್ ಎಂದರೆ ನಮ್ಮ ಘಟಕದ ವಿಜ್ಞಾನಿ. ಬರೆಯುವುದು ಯಾವಾಗಲೂ ಅವರದೇ ಪಾಲು. ಆದರೆ ಆ ಸಲ ಒಬ್ಬ ಅಜ್ಜಿ ಚೀಲದಲ್ಲಿ ಎರಡು ಕಾಯಿ ಹಾಕಿಕೊಂಡು, ದಂಡಿನಶಿವರದ ಕಡೆಯಿಂದ ಬಸ್ಸು ಹತ್ತಿ ಬಂದು, ಸರ್ ಮೇಜಿನ ಮೇಲೆ ಆ ಕಾಯಿಗಳನ್ನು ಇಟ್ಟು ಜಗಳಕ್ಕೇ ನಿಂತಿದ್ದರು.

“ನನ್ ಮರದ್ ಹೆಸ್ರು ಹೇಳ್ಕಂಡು ಯಾವನೋ ಕಂಡೋರ ಗಿಡ ಮಾರ್ತಾವ್ನೆ ಸ್ವಾಮಿ. ತಕಂಡೋಗಿ ನೆಟ್ಟೋರು ನಾಳೆ ಬಂದು ನನ್ನ ಬೈತಾರೆ. ಇದು ನಂದು, ಅದು ನಂದಲ್ಲ ಅಂತ ಒಂದು ಕಾಗ್ದ ಮಾಡ್ಕೊಡಿ.”

ಆ ಮರದ ಹೆಸರು ಬಚ್ಚಲ ಮರ. ಮದುವೆಯಾಗಿ ಬಂದ ವರ್ಷ ಅಜ್ಜಿ ಬಚ್ಚಲ ನೀರು ಹೋಗುವ ಜಾಗದಲ್ಲಿ ನೆಟ್ಟದ್ದು. ನಮ್ಮ ಕಡೆ ಉಂಡೆ ಕೊಬ್ಬರಿಗೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಬಚ್ಚಲ ಮರದ ಕಾಯಿ ಏಳೇ ತಿಂಗಳಿಗೆ ಲೊಟಲೊಟ ಅನ್ನುತ್ತದೆ, ಕೊಳೆಯುವುದೂ ಇಲ್ಲ ಎನ್ನುವುದು ಅಜ್ಜಿಯ ಮಾತು. ಊರವರೂ ಹಾಗೇ ಹೇಳುತ್ತಿದ್ದರು, ಅದಕ್ಕೇ ನರ್ಸರಿಯವನೊಬ್ಬ ಆ ಹೆಸರು ಹಿಡಿದಿದ್ದ.

ರೈತರು ಉಳಿಸಿಕೊಂಡು ಬಂದ ತಳಿಯನ್ನು ಅವರ ಹೆಸರಿನಲ್ಲೇ ನೋಂದಾಯಿಸಿ ಪತ್ರ ಕೊಡುವ ಒಂದು ಸಮಿತಿ ದೂರದ ಊರಿನಲ್ಲಿದೆ. ಅದರ ಅರ್ಜಿ ಹದಿನಾಲ್ಕು ಪುಟ, ಎಲ್ಲ ಇಂಗ್ಲಿಷ್. ಸರ್ ಅದನ್ನು ನನ್ನ ಕೈಗಿಟ್ಟರು. ತಳಿಯ ಹೆಸರು ಎಂಬಲ್ಲಿ ಅವರೇ ಒಂದು ದೇವಿಯ ಹೆಸರು ಬರೆದರು. “ಬಚ್ಚಲು ಅಂತ ಕಳಿಸೋದು ಚೆನ್ನಾಗಿರಲ್ಲ ಅಜ್ಜಿ.”

“ನೀರು ಕೊಟ್ಟಿದ್ದು ಬಚ್ಚಲು ಕಣ್ ಸ್ವಾಮಿ, ದೇವ್ರಲ್ಲ” ಎಂದರು ಅಜ್ಜಿ. ಸರ್ ಬರೆದಿದ್ದನ್ನು ಹೊಡೆದು ಹಾಕಿದರು.

ಮೊದಲನೇ ಭೇಟಿಗೆ ನಾನು ಎರಡು ದಿನ ಮುಂಚೆಯೇ ಫೋನ್ ಮಾಡಿ ತಿಳಿಸಿದ್ದೆ. ಅದೇ ತಪ್ಪಾಯಿತು. ಹೋಗಿ ನೋಡುತ್ತೇನೆ, ಮರ ಮದುವಣಗಿತ್ತಿಯ ಹಾಗೆ ನಿಂತಿದೆ. ಒಣಗಿದ ಗರಿ, ಜೋತು ಬಿದ್ದ ಗರಿ, ಹಳೆಯ ಹೊಂಬಾಳೆಯ ಕಡ್ಡಿ ಎಲ್ಲ ಕಡಿದು ತೆಗೆದಿದ್ದಾರೆ. ಬಲಿತ ಗೊನೆಗಳನ್ನೂ ಎಳನೀರಿನ ಗೊನೆಗಳನ್ನೂ ಇಳಿಸಿದ್ದಾರೆ. ಬುಡದಿಂದ ಆಳೆತ್ತರಕ್ಕೆ ಸುಣ್ಣ, ಸುಣ್ಣದ ಮೇಲೆ ಕೆಮ್ಮಣ್ಣಿನ ಪಟ್ಟೆ. ನಾನು ಎಣಿಸಬೇಕಾಗಿದ್ದದ್ದು ಆ ಗರಿಗಳನ್ನು, ಆ ಗೊನೆಗಳನ್ನು, ಕಾಂಡದ ಮೇಲೆ ಗರಿ ಬಿದ್ದು ಉಳಿದ ಆ ಉಂಗುರಗಳನ್ನು.

“ಆಫೀಸ್ನೋರು ಬತ್ತಾರೆ ಅಂತ ನೀಟಾಗಿ ಮಾಡ್ಸುದ್ವಿ ಮೇಡಂ” ಎಂದು ಅಜ್ಜಿಯ ಮಗ ಕೈಕಟ್ಟಿ ನಿಂತರು. ಅವರ ಹೆಂಡತಿ ದೊಡ್ಡ ಲೋಟದಲ್ಲಿ ಎಳನೀರು ತಂದರು. “ಕುಡೀರಿ, ಅದೇ ಮರದ್ದು.”

ನನಗೆ ಕೋಪ ಬೇಗ ಬರುತ್ತದೆ. ಅವತ್ತೂ ಬಂತು. ಆದರೆ ಮನೆಗೆ ಬರುವವರಿಗಾಗಿ ಅಂಗಳ ಗುಡಿಸಿದ ಹಾಗೆ ಮರ ಗುಡಿಸಿದವರನ್ನು ಬೈಯುವುದು ಹೇಗೆ? ಎಣಿಸಬೇಕಾಗಿದ್ದ ಕಾಯಿಯ ನೀರನ್ನು ಎರಡು ಲೋಟ ಕುಡಿದೆ. ಬಹಳ ಸಿಹಿಯಾಗಿತ್ತು, ಅದನ್ನು ಬರೆಯಲು ಅರ್ಜಿಯಲ್ಲಿ ಜಾಗವಿರಲಿಲ್ಲ. ಆಮೇಲೆ ಇಳಿಸಿದ್ದ ರಾಶಿಯಿಂದ ಬಲಿತ ನಲವತ್ತೊಂದು ಕಾಯಿ ಆರಿಸಿ, ನೀಲಿ ಬಣ್ಣದಲ್ಲಿ ನಂಬರ್ ಹಾಕಿದೆ. ಪಕ್ಕದ ಇನ್ನೊಂದು ಮರದ್ದು ಅಷ್ಟೇ ಕಾಯಿ ತರಿಸಿ ಕೆಂಪು ನಂಬರ್ ಹಾಕಿದೆ. ಎರಡನ್ನೂ ಅಟ್ಟದ ಒಂದೇ ಮೂಲೆಗೆ, ನಡುವೆ ಬಿದಿರಿನ ತಡೆ ಇಟ್ಟು ಸೇರಿಸಿದೆವು. ಅಷ್ಟಾದರೂ ದಕ್ಕಿತು ಎಂದುಕೊಂಡು ವಾಪಸಾದೆ.

ವಾರದಲ್ಲಿ ಮೊದಲ ಕರಡು ಬರೆದು ಕೊಟ್ಟೆ. ನಾನು ಓದಿದ್ದು ಕನ್ನಡ ಮಾಧ್ಯಮ. ಗೋ, ವೆಂಟ್, ಗಾನ್ ಎಂದು ರಾಗವಾಗಿ ಬಾಯಿಪಾಠ ಮಾಡಿದ್ದು ಬಿಟ್ಟರೆ ಯಾವುದನ್ನು ಎಲ್ಲಿ ಹಾಕಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಹೋಗಿದ್ದು ಕಳೆದ ವಾರ, ನೋಡಿದ್ದು ಕಳೆದ ವಾರ, ಆದ್ದರಿಂದ ಎಲ್ಲವನ್ನೂ ಭೂತಕಾಲದಲ್ಲಿ ಬರೆದಿದ್ದೆ. ಮರ ಎತ್ತರವಾಗಿತ್ತು, ಬೇರು ಗಟ್ಟಿಯಾಗಿತ್ತು, ಕಾಯಿ ಚಿಕ್ಕದಾಗಿತ್ತು. ಸರ್ ಹಸಿರು ಪೆನ್ನು ತೆಗೆದುಕೊಂಡು ಪ್ರತಿಯೊಂದು ‘ವಾಸ್’ಗೂ ಸುತ್ತು ಹಾಕಿದರು. ಅಂಚಿನಲ್ಲಿ ಕನ್ನಡದಲ್ಲೇ ‘ಹಾಗಾದರೆ ಮರ ಈಗ ಎಲ್ಲಿಗೆ ಹೋಗಿದೆ?’ ಎಂದು ಬರೆದು ವಾಪಸ್ ಕೊಟ್ಟರು.

ಆಮೇಲೆ ಕರೆದು ಕೂರಿಸಿ ಹೇಳಿದರು. “ನೀನು ಏಣಿ ಹಾಕಿದ್ದು, ಟೇಪು ಹಿಡಿದಿದ್ದು, ತೂಕ ಮಾಡಿದ್ದು ಮುಗಿದುಹೋದ ಕೆಲಸ. ಅದು ಭೂತಕಾಲ. ನಿನಗೆ ಎಷ್ಟು ಸಿಕ್ಕಿತು ಅನ್ನೋದೂ ಭೂತಕಾಲ, ಯಾಕಂದ್ರೆ ಅದು ಅವತ್ತಿನ ಅಳತೆ. ಆದ್ರೆ ಮರದ ಗುಣ ಇದೆಯಲ್ಲ, ಅದು ನೀನು ಹೋದ್ರೂ ಇರುತ್ತೆ, ಹೋಗದಿದ್ರೂ ಇರುತ್ತೆ. ಅದು ವರ್ತಮಾನ. ಅಜ್ಜಿ ಅರವತ್ತು ವರ್ಷದಿಂದ ಇವತ್ತಿನವರೆಗೆ ಸಾಕ್ಕೊಂಡು ಬಂದಿದ್ದಾರಲ್ಲ, ಅದಕ್ಕೆ ‘ಹ್ಯಾಸ್’ ಹಾಕು.”

ಹೊಸ ನೋಟ್‌ಬುಕ್ ತೆಗೆದು ಮೊದಲ ಪುಟದಲ್ಲಿ ಮೂರು ಕಾಲಂ ಎಳೆದೆ. ಮಾಡಿದ್ದು, ಇರುವುದು, ನಡೆದು ಬಂದದ್ದು. ಒಂದೊಂದು ವಾಕ್ಯವನ್ನೂ ಮೊದಲು ಕನ್ನಡದಲ್ಲಿ ಯಾವ ಕಾಲಂಗೆ ಸೇರಿದ್ದೆಂದು ಹಾಕಿ, ನಂತರ ಇಂಗ್ಲಿಷಿಗೆ ಇಳಿಸುತ್ತಿದ್ದೆ. ನಿಧಾನವಾಗುತ್ತಿತ್ತು. ಒಂದು ದಿನಕ್ಕೆ ಆರು ವಾಕ್ಯ ಆದರೆ ಹೆಚ್ಚು. ಆದರೆ ಆ ಕೆಲಸ ನನಗೆ ಇಷ್ಟವಾಗತೊಡಗಿತು. ಒಂದು ಮಾತನ್ನು ನಾನು ಹೇಳುತ್ತಿರುವುದು ಕಣ್ಣಾರೆ ನೋಡಿಯೋ, ಯಾರೋ ಹೇಳಿದ್ದು ಕೇಳಿಯೋ, ಇಲ್ಲ ಸುಮ್ಮನೆ ನಂಬಿಯೋ ಎಂದು ಅದಕ್ಕೆ ಹಿಂದೆ ಯಾವತ್ತೂ ಯೋಚಿಸಿರಲಿಲ್ಲ.

ಎರಡು ತಿಂಗಳಿಗೊಮ್ಮೆ ತೋಟದ ಕಾಯಿ ಇಳಿಸುವಾಗ ಹೋಗುತ್ತಿದ್ದೆ. ಮರ ಹತ್ತುವವರು ಐವತ್ತು ದಾಟಿದ ಒಬ್ಬ ಅನುಭವಸ್ಥರು. ಟೇಪಿನ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಹತ್ತುತ್ತಿದ್ದರು. ಮೇಲಿಂದ ಗರಿ ಎಷ್ಟು, ಗೊನೆ ಎಷ್ಟು, ಹೊಂಬಾಳೆ ಎಷ್ಟು ಎಂದು ಕೂಗುತ್ತಿದ್ದರು. ನಾನು ಕೆಳಗೆ ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸುಣ್ಣ ಮಳೆಗೆ ತೊಳೆದು ಹೋಗಿ ಉಂಗುರಗಳು ಎಣಿಸುವ ಹಾಗಾಗಿದ್ದವು.

ಹದಿನೈದು ದಿನಕ್ಕೊಮ್ಮೆ ಅಟ್ಟದ ಪರೀಕ್ಷೆ. ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಮೊದಮೊದಲು ನೀರು ಕುಲುಕುತ್ತದೆ. ಆಮೇಲೆ ಒಂದೆರಡು ತಿಂಗಳು ಏನೂ ಕೇಳುವುದಿಲ್ಲ. ಅದಾದ ಮೇಲೆ ಒಳಗೆ ಉಂಡೆ ಉರುಳುತ್ತದೆ. ನಾನು ಅಟ್ಟದ ಮೇಲೆ ಜೇಡರ ಬಲೆಯಲ್ಲಿ ಕೂತು ನಂಬರ್ ಕೂಗಿ ಅಲ್ಲಾಡಿಸುತ್ತಿದ್ದರೆ, ಅಜ್ಜಿ ಕೆಳಗೆ ಸೊಪ್ಪು ಸೋಸುತ್ತಲೇ ತೀರ್ಪು ಕೊಡುತ್ತಿದ್ದರು.

“ಇನ್ನೂ ನೀರೈತೆ. ಬುಡು, ಮುಂದಿಂದು ತಗೋ.”

“ನಿಮಗೆ ಅಲ್ಲಿಗೇ ಕೇಳುತ್ತಾ ಅಜ್ಜಿ?”

“ಅರವತ್ತು ವರ್ಷದಿಂದ ಕೇಳ್ತಿವ್ನಿ. ನೀನು ಇಳಿಯಕ್ಕೆ ಮುಂಚೆ ಆ ಕೆಂಪು ಹದಿನೇಳು ತೆಗುದು ಆಚೆ ಹಾಕು. ಕೊಳ್ತೈತೆ.”

ಹದಿನೇಳನ್ನು ಒಡೆದು ನೋಡಿದೆ, ಕೊಳೆತಿತ್ತು.

ಏಪ್ರಿಲ್ ಹೊತ್ತಿಗೆ ಏಳು ತಿಂಗಳು ತುಂಬಿತು. ನೀಲಿ ನಂಬರಿನ ನಲವತ್ತೊಂದರಲ್ಲಿ ಮೂವತ್ತೆಂಟು ಲೊಟಲೊಟ ಎಂದವು. ಕೆಂಪು ನಂಬರಿನಲ್ಲಿ ನಾಲ್ಕು. ಅಜ್ಜಿ ಹೇಳಿದ್ದು ನಿಜವಾಗಿತ್ತು. ಅಟ್ಟದಿಂದ ಇಳಿಯುವಾಗ ನನಗೆ ನನ್ನದೇ ಮರವೇನೋ ಅನ್ನುವಷ್ಟು ಹೆಮ್ಮೆಯಾಯಿತು. ಮೇ ಮೊದಲ ವಾರದಲ್ಲಿ ಹದಿನಾಲ್ಕು ಪುಟ ಮುಗಿದವು. ಮರ ಎತ್ತರವಿದೆ, ವರ್ಷಕ್ಕೆ ಹನ್ನೆರಡು ಹೊಂಬಾಳೆ ಬಿಡುತ್ತದೆ, ಕಾಯಿ ಬೇಗ ಒಣಗುತ್ತದೆ. ಸರ್ ಹಸಿರು ಪೆನ್ನಿಗೆ ಎರಡೇ ಕಡೆ ಕೆಲಸ ಸಿಕ್ಕಿತು. ತಿಂಗಳ ಕೊನೆ ಅರ್ಜಿಗೆ ಕಡೆಯ ದಿನ. ಅಜ್ಜಿಯ ಸಹಿ ಒಂದು ಬಾಕಿ.

ಆ ವಾರವೇ ಮಧ್ಯಾಹ್ನದ ಒಂದು ಮಳೆಯಲ್ಲಿ ಬಚ್ಚಲ ಮರಕ್ಕೆ ಸಿಡಿಲು ಬಡಿಯಿತು.

ಅಜ್ಜಿಯ ಮಗ ಫೋನ್ ಮಾಡಿದರು. ಮರುದಿನ ಬೆಳಿಗ್ಗೆ ಹೋದಾಗ ಮರ ನಿಂತೇ ಇತ್ತು. ಸುಳಿ ಹಸಿರು, ಗರಿ ಹಸಿರು, ಗೊನೆಗಳೂ ಹಾಗೇ ಇದ್ದವು. ಕಾಂಡದ ಉದ್ದಕ್ಕೂ ಮಾತ್ರ ಕಂದು ಬಣ್ಣದ ರಸ ಇಳಿದಿತ್ತು. ಉಳಿದೀತು ಎಂದುಕೊಂಡೆ. ಮರ ಹತ್ತುವವರು ಬಂದು ಸುತ್ತ ಒಂದು ಸುತ್ತು ಹಾಕಿ, ಕಾಂಡಕ್ಕೆ ಅಂಗೈ ಒತ್ತಿ ನೋಡಿದರು. “ಇಪ್ಪತ್ತು ದಿನ ಕಣಕ್ಕ. ಹೆಚ್ಚಂದ್ರೆ ತಿಂಗ್ಳು” ಎಂದರು. ನಾನು ಅವರ ಮೇಲೆ ರೇಗಿದೆ, ಅವರೇ ಸಿಡಿಲು ಹಾಕಿದ್ದರೇನೋ ಅನ್ನುವ ಹಾಗೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಸರ್‌ಗೆ ಬಂದು ಹೇಳಿದೆ. ಅವರು ಬಹಳ ಹೊತ್ತು ಅರ್ಜಿಯ ಪುಟ ತಿರುವುತ್ತಾ ಕೂತಿದ್ದರು. ತಾಯಿ ಮರವನ್ನು ಸಮಿತಿಯವರು ಬಂದು ನೋಡಬಹುದು ಎಂಬ ಸಾಲು ಒಂಬತ್ತನೇ ಪುಟದಲ್ಲಿತ್ತು. ಮರವೇ ಇಲ್ಲ ಎಂದರೆ ಅರ್ಜಿಯೇ ಇಲ್ಲ. ಕೊನೆಗೆ ಹೇಳಿದರು. “ಇವತ್ತಿನ ದಿನಕ್ಕೆ ಇದರಲ್ಲಿ ಒಂದಕ್ಷರ ಸುಳ್ಳಿಲ್ಲಮ್ಮ. ಮರ ನಿಂತಿದೆ, ಹಸಿರಿದೆ. ನಾಳೆಯೇ ಸಹಿ ಹಾಕಿಸಿಕೊಂಡು ಬಾ, ಕಳಿಸಿಬಿಡೋಣ. ಅವರು ಬರೋದು ಯಾವ ಕಾಲಕ್ಕೋ. ಮರ ಆಮೇಲೆ ಹೋಯ್ತು ಅಂದ್ರಾಯ್ತು.”

ಅವರು ಕೆಟ್ಟವರಲ್ಲ. ಅಜ್ಜಿಗೆ ಪತ್ರ ಸಿಗಲಿ ಎಂದೇ ಹೇಳಿದ್ದು. ನನಗೂ ಅದೇ ಬೇಕಿತ್ತು. ಏಳು ತಿಂಗಳು ಜೇಡರ ಬಲೆ ತಿಂದವಳು ನಾನು. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ ಎನ್ನುವುದನ್ನೂ ಒಪ್ಪಿಕೊಳ್ಳಬೇಕು.

ಮರುದಿನ ಅಜ್ಜಿ ಜಗಲಿಯ ಮೇಲೆ ಕೂತಿದ್ದರು. ಕಾಗದ, ಪೆನ್ನು ಮುಂದಿಟ್ಟೆ. ಅವರಿಗೆ ಸಹಿ ಮಾಡಲು ಬರುತ್ತದೆ. ಪೆನ್ನು ಮುಟ್ಟಲಿಲ್ಲ.

“ಏನ್ ಬರ್ದಿದ್ದೀಯ ಓದು.”

“ಇಂಗ್ಲಿಷಲ್ಲಿದೆ ಅಜ್ಜಿ.”

“ಕನ್ನಡದಲ್ಲಿ ಹೇಳು.”

ಹೇಳಿದೆ. ಈ ಮರ ಎತ್ತರವಿದೆ. ವರ್ಷಕ್ಕೆ ಹನ್ನೆರಡು ಹೊಂಬಾಳೆ ಬಿಡುತ್ತದೆ. ಎರಡನೇ ವಾಕ್ಯಕ್ಕೇ ಅಜ್ಜಿ ಕೈ ಎತ್ತಿದರು.

“ಬಿಡ್ತಿತ್ತು ಅಂತ ಬರಿ. ನೀನು ನೋಡ್ಲಿಲ್ವಾ ಮರಾನ?”

“ಇನ್ನೂ ನಿಂತಿದೆಯಲ್ಲ ಅಜ್ಜಿ.”

“ನಿಂತೈತೆ. ಇನ್ನು ಮ್ಯಾಲೆ ಹೊಂಬಾಳೆ ಬಿಡ್ತದಾ ಹೇಳು.”

ನಾನು ಹಿತ್ತಲ ಕಡೆ ತಿರುಗಿ ಮರದ ಸುಳಿ ನೋಡಿದೆ.

“ಅವ್ನು ನರ್ಸರಿಯೋನು ಇಲ್ದೇ ಇರೋ ಗಿಡಾನ ಐತೆ ಅಂತ ಮಾರ್ತಾವ್ನೆ ಅಂತ ತಾನೆ ನಾನು ನಿಮ್ಮತ್ರ ಬಂದಿದ್ದು? ಈಗ ನಂಗೂ ಅದ್ನೇ ಮಾಡು ಅಂತೀಯ?”

ನನ್ನ ಮುಖ ಬಿಸಿಯಾಯಿತು. ಕೋಪಕ್ಕಲ್ಲ, ನಾಚಿಕೆಗೆ. ಆದರೂ ಬಾಯಿ ಬಿಟ್ಟು ಕೇಳಿದೆ. “ಮರ ಇಲ್ಲ ಅಂತ ಬರೆದರೆ ಕಾಗದ ಕೊಡಲ್ಲ ಅಜ್ಜಿ. ಏನು ಮಾಡೋಣ ಹೇಳಿ?”

“ಮರ ಇಲ್ಲ ಅಂತ ಯಾರಂದ್ರು? ಈ ಮರ ಇಲ್ಲ. ಇದ್ರ ಮಕ್ಳು ಇಲ್ವಾ?”

ಬಚ್ಚಲ ಮರದ ಸಸಿಗಳನ್ನು ಅಜ್ಜಿ ಬೇರೆಯವರಿಗೆ ಕೊಟ್ಟಿದ್ದರು ಎಂದು ನನಗೆ ಗೊತ್ತಿತ್ತು. ಯಾರಿಗೆ, ಯಾವಾಗ ಎಂದು ಕೇಳಿರಲಿಲ್ಲ. ನಲವತ್ತು ವರ್ಷದ ಹಿಂದಿನದು ಯಾರಿಗೆ ನೆನಪಿರುತ್ತದೆ ಎಂದುಕೊಂಡಿದ್ದೆ. ಅಜ್ಜಿ ಸೊಸೆಯನ್ನು ಕರೆದು, ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದುಕೊಂಡು ಕೂರು ಎಂದರು.

“ಸುಮ್ನೆ ಕೊಟ್ಟ ಗಿಡ ಹತ್ತಲ್ಲ ಅಂತಿದ್ರು ನಮ್ಮತ್ತೆ. ಏನಾರ ಈಸ್ಕಂಡೇ ಕೊಟ್ಟಿರದು. ದುಡ್ಡಲ್ಲ. ಅವ್ರ ಮನೇಲಿ ಏನೈತೋ ಅದು. ಬರ್ಕಳೇ. ಸಂಪಿಗೆ ಊರಾಗೆ ದೇವಸ್ಥಾನದ ಹಿಂದ್ಲ ಮನೆ, ಒಂದು ಸೇರು ಅವರೆಕಾಳು. ಅಮ್ಮಸಂದ್ರದ ಕಡೆ ನಮ್ಮ ನಾದ್ನಿ ಮನೆ, ಒಂದು ಮೊರ. ಚಿಕ್ಕನಾಯಕನಹಳ್ಳಿ ದಾರೀಲಿ ಕಂಬ್ಳಿ ನೇಯೋರು, ಮಕ್ಕಳ ಕಂಬ್ಳಿ ಒಂದು. ಅದು ನಿನ್ ಗಂಡ ಹೊದ್ಕಂಡಿದ್ದು ಕಣೇ. ಆಮೇಲೆ ಆ ಹಗ್ಗದೋರು…”

ಸೊಸೆ ಬರೆಯುತ್ತಾ ಹೋದರು. ನಡುವೆ ಒಂದೆರಡು ಕಡೆ, “ಅಲ್ಲ ಕಣತ್ತೆ, ಅವರು ಕೊಟ್ಟಿದ್ದು ಬೆಲ್ಲ” ಎಂದು ತಿದ್ದಿದರು. ಹತ್ತೊಂಬತ್ತು ಮನೆಗಳಾದವು. ಕೊಟ್ಟ ವರ್ಷ ಅಜ್ಜಿಗೆ ಗೊತ್ತಿರಲಿಲ್ಲ. ಆದರೆ ಯಾವ ಮಗು ಹುಟ್ಟಿದ ವರ್ಷ, ಯಾವ ಎಮ್ಮೆ ತಂದ ವರ್ಷ ಎಂದು ಎಲ್ಲಕ್ಕೂ ಗುರುತು ಇತ್ತು. ನಾನು ಸಹಿಯಾಗದ ಅರ್ಜಿಯನ್ನೂ ಆ ಹಾಳೆಯನ್ನೂ ಒಂದೇ ಫೈಲಿಗೆ ಹಾಕಿಕೊಂಡು ಬಂದೆ.

“ಸರ್, ಇದನ್ನ ಕಳಿಸೋದು ಬೇಡ” ಎಂದೆ. ನಡೆದದ್ದನ್ನು ಹೇಳಿದೆ. ಸರ್ ತಕ್ಷಣ ಒಪ್ಪಲಿಲ್ಲ. “ಇದು ಉದ್ದ ಜಾತಿ ಕಣಮ್ಮ. ಗಾಳಿ, ಜೇನು ಯಾವ ಮರದ ಪರಾಗ ತಂದು ಹಾಕಿದ್ದವೋ. ತಾಯಿಯ ಗುಣ ಮಕ್ಕಳಲ್ಲಿ ಇದೆ ಅಂತ ಏನು ಗ್ಯಾರಂಟಿ?”

“ಗ್ಯಾರಂಟಿ ಇಲ್ಲ. ಹೋಗಿ ಅಳೆಯೋಣ. ಇದ್ದರೆ ಇದೆ ಅಂತ ಬರೀತೀನಿ, ಇಲ್ಲದಿದ್ದರೆ ಇಲ್ಲ ಅಂತ.”

ಅವರು ಹಸಿರು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು. ಈ ಸಲ ಆಗುವುದಿಲ್ಲ, ಮುಂದಿನ ಸಭೆಗೆ ಕಳಿಸುತ್ತೇವೆ ಎಂದು ಸಮಿತಿಗೆ ಪತ್ರ ಬರೆದರು. ಮುಂದಿನ ಸಭೆ ಯಾವಾಗ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಆಮೇಲಿನ ನಾಲ್ಕು ತಿಂಗಳು ನನ್ನ ಸ್ಕೂಟರು ಸವೆದದ್ದಕ್ಕೆ ಲೆಕ್ಕವಿಲ್ಲ. ಹತ್ತೊಂಬತ್ತು ಮನೆಗಳಲ್ಲಿ ಎರಡು ಸಿಗಲೇ ಇಲ್ಲ. ಒಂದು ಕಡೆ ರಸ್ತೆ ಅಗಲ ಮಾಡುವಾಗ ಮರ ಹೋಗಿತ್ತು, ಇನ್ನು ಮೂರು ಕಡೆ ದುಂಬಿ ತಿಂದೋ ನೀರಿಲ್ಲದೆಯೋ ಸತ್ತಿದ್ದವು. ಉಳಿದದ್ದು ಹದಿಮೂರು. ಪ್ರತಿ ಮನೆಯಲ್ಲೂ ನಾನು ಮೊದಲು ಕೇಳುತ್ತಿದ್ದದ್ದು ಒಂದೇ: ಈ ಮರದ ಸಸಿಗೆ ಬದಲಾಗಿ ಏನು ಕೊಟ್ಟಿದ್ದಿರಿ? ಅಜ್ಜಿಯ ಹಾಳೆಯಲ್ಲಿದ್ದದ್ದನ್ನು ನಾನಾಗಿ ಹೇಳುತ್ತಿರಲಿಲ್ಲ. ಅವರು ತಾವಾಗಿ ಮೊರ ಎಂದರೆ, ಕಂಬಳಿ ಎಂದರೆ, ಹೋಲಿಸಿ ಗುರುತು ಹಾಕುತ್ತಿದ್ದೆ. ಹಗ್ಗದ ಮನೆಯವರು ಮಾತ್ರ ಪಟ್ಟು ಬಿಡಲಿಲ್ಲ.

“ಒಂದಲ್ಲ, ಎರಡು ಹಗ್ಗ ಕೊಟ್ಟಿದ್ವಿ. ಆ ವಮ್ಮನ್ಗೆ ಹೇಳಿ. ಒಂದು ಬಾವಿಗೆ, ಒಂದು ಕರುಗೆ.”

ಅಜ್ಜಿಗೆ ಬಂದು ಹೇಳಿದರೆ, “ಎರಡ್ನೇದು ಕರುಗೆ ಕಟ್ಟಿದ್ ದಿನಾನೇ ಕಿತ್ತೋಯ್ತು. ಅದು ಲೆಕ್ಕಕ್ಕಿಲ್ಲ” ಎಂದರು. ಎರಡೂ ಕಡೆಯವರ ಮಾತನ್ನು ಬರೆದುಕೊಂಡೆ.

ಅಟ್ಟಕ್ಕೆ ಹೊಸದಾಗಿ ಕಾಯಿ ಹಾಕಿ ಏಳು ತಿಂಗಳು ಕಾಯುವಷ್ಟು ವ್ಯವಧಾನ ಇರಲಿಲ್ಲ. ಕಾಯಬೇಕಾಗಿಯೂ ಬರಲಿಲ್ಲ. ಎಂಟು ಮನೆಗಳಲ್ಲಿ ಆ ಮರದ ಕಾಯಿಯನ್ನು ಅಟ್ಟದಲ್ಲಿ ಬೇರೆಯಾಗಿಯೇ ಹಾಕುವ ರೂಢಿ ಇತ್ತು. ಬೇಗ ಆಗುತ್ತದೆ, ಮಿಕ್ಕಿದ್ದರ ಜೊತೆ ಹಾಕಿದರೆ ಹುಡುಕುವುದು ಕಷ್ಟ ಎನ್ನುತ್ತಿದ್ದರು. ನಾನು ಹತ್ತಿ, ಅಟ್ಟಕ್ಕೆ ಹಾಕಿ ಏಳು ತಿಂಗಳಾದವು ಯಾವುವೆಂದು ಕೇಳಿಕೊಂಡು ಅಲ್ಲಾಡಿಸಿದೆ. ಆ ಎಂಟೂ ಅಟ್ಟಗಳಲ್ಲಿ ತಾಯಿಯ ಹಾಗೆಯೇ ಲೊಟಲೊಟ ಕೇಳಿತು. ಮಿಕ್ಕ ಐದು ಮರಗಳ ಕಾಯಿಗೆ ಎಲ್ಲ ಮರಗಳ ಹಾಗೇ ಹತ್ತು ಹನ್ನೊಂದು ತಿಂಗಳು ಬೇಕಿತ್ತು. ಸಂಪಿಗೆ ಊರಿನ ಮನೆಯ ಮರವಂತೂ ಕಾಯಿಯ ಗಾತ್ರ, ತಿರುಳಿನ ದಪ್ಪ, ಉಂಗುರಗಳ ಅಂತರ ಎಲ್ಲದರಲ್ಲೂ ತಾಯಿಗೆ ಸರಿಸಮ.

ಈ ಓಡಾಟದ ಮೊದಲ ತಿಂಗಳಲ್ಲೇ ಬಚ್ಚಲ ಮರದ ಸುಳಿ ಬಾಗಿ, ಗರಿ ಒಂದೊಂದೇ ಜೋತು ಬಿದ್ದಿತ್ತು. ಕಡಿಯುವ ಮುಂಚೆ ಬಲಿತ ಕಾಯಿಗಳನ್ನು ಹಗ್ಗದಲ್ಲಿ ಇಳಿಸಿ, ಹಿತ್ತಲಲ್ಲಿ ಮರಳು ಪಾತಿ ಮಾಡಿ ಹೂತರು. ಕಡಿಯುವ ದಿನ ನಾನು ಹೋಗಲಿಲ್ಲ. ಆಫೀಸಿನಲ್ಲಿ ಕೂತು ಅರ್ಜಿ ಮೊದಲಿಂದ ಬರೆಯಲು ಶುರು ಮಾಡಿದೆ.

ನೋಟ್‌ಬುಕ್ಕಿನ ಮೂರು ಕಾಲಂ ಸಾಲಲಿಲ್ಲ. ತಾಯಿ ಮರ ನಿಂತಿತ್ತು, ಬಿಡುತ್ತಿತ್ತು, ಒಣಗುತ್ತಿತ್ತು. ಸಿಡಿಲು ಬಡಿಯಿತು. ಬಡಿಯುವ ಮುಂಚೆಯೇ ಅಟ್ಟದ ಪರೀಕ್ಷೆ ಮುಗಿದಿತ್ತು, ಅದಕ್ಕೆ ‘ಹ್ಯಾಡ್’. ಎಂಟು ಮಕ್ಕಳು ಇವೆ, ಬಿಡುತ್ತವೆ. ಐದು ಮಕ್ಕಳಿಗೆ ಆ ಗುಣ ಬಂದಿಲ್ಲ, ಅದಕ್ಕೆ ಬೇರೆಯೇ ಒಂದು ಸಾಲು. ಮೊದಲ ಅರ್ಜಿಯಲ್ಲಿ ಎಲ್ಲವೂ ನಯವಾಗಿತ್ತು. ಇದರಲ್ಲಿ ಒಂದೇ ಪ್ಯಾರಾದಲ್ಲಿ ಮೂರು ಸಲ ಕಾಲ ಬದಲಾಗುತ್ತಿತ್ತು, ಓದಲು ಒರಟು. ಆದರೆ ಪ್ರತಿ ಕ್ರಿಯಾಪದದ ಹಿಂದೆಯೂ ನಾನು ಹತ್ತಿದ ಒಂದು ಅಟ್ಟವೋ, ಹಿಡಿದ ಟೇಪೋ ಇತ್ತು. ಸರ್ ಓದಿ, ಹಸಿರು ಪೆನ್ನು ಎರಡು ಸಲ ತೆರೆದು ಎರಡು ಸಲವೂ ಮುಚ್ಚಿದರು. “ಒರಟಾಗೇ ಇರಲಿ” ಎಂದರು.

ಅಜ್ಜಿಗೆ ಅಷ್ಟನ್ನೂ ಕನ್ನಡದಲ್ಲಿ ಹೇಳಬೇಕಾಯಿತು. ಅರ್ಧ ದಿನ ಹಿಡಿಯಿತು. ತಾಯಿ ಮರ ಇರುವ ಸ್ಥಳ ಎಂಬಲ್ಲಿಗೆ ಬಂದಾಗ ನಾನು ತಡೆದೆ. ಅಲ್ಲಿ ಒಂದೇ ಮರದ ವಿಳಾಸ ಕೊಡಬೇಕು, ಇನ್ನು ಮುಂದೆ ಅದನ್ನೇ ಬಚ್ಚಲ ಮರ ಎಂದು ಎಣಿಸುತ್ತಾರೆ. ಆ ಮರ ಅಜ್ಜಿಯ ತೋಟದಲ್ಲಿರಲಿಲ್ಲ.

“ಸಂಪಿಗೆದು ಬರಿ” ಎಂದರು ಅಜ್ಜಿ. ಹಿತ್ತಲ ಕಡೆ ನೋಡಿದರು. ಕಣ್ಣು ಒರೆಸಿಕೊಂಡರು. ಆಮೇಲೆ ಪೆನ್ನು ತೆಗೆದುಕೊಂಡು, ಒಂದೊಂದು ಅಕ್ಷರವನ್ನೂ ಒತ್ತಿ ಸಹಿ ಮಾಡಿದರು.

ಸಮಿತಿಯಿಂದ ಪರಿಶೀಲನೆಗೆ ಬಂದವರು ಉತ್ತರದ ಕಡೆಯ ಒಬ್ಬ ಅಧಿಕಾರಿ, ಹೆಂಗಸು. ಈ ಸಲ ನಾನು ಮುಂಚೆ ಫೋನ್ ಮಾಡಲಿಲ್ಲ. ಅವರು ಸಂಪಿಗೆಯ ಮರ ನೋಡಿದರು, ಕಂಬಳಿಯವರ ಅಟ್ಟ ಹತ್ತಿದರು, ಗುಣ ಬಾರದ ಐದರಲ್ಲಿ ಎರಡನ್ನೂ ನೋಡಬೇಕೆಂದರು. ಕೊನೆಗೆ ಅಜ್ಜಿಯ ಹಿತ್ತಲಿಗೆ ಬಂದು ಮರದ ಬುಡ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: ನಮಗೆ ಬರುವ ಅರ್ಜಿಗಳಲ್ಲಿ ಎಲ್ಲ ಮರಗಳೂ ಬದುಕಿರುತ್ತವೆ. ಸತ್ತದ್ದನ್ನು ಸತ್ತಿದೆ ಎಂದು ಬರೆದಿದ್ದು ನಿಮ್ಮದೊಂದೇ. ಅದನ್ನು ಓದಿದ ಮೇಲೆ ಮಿಕ್ಕಿದ್ದನ್ನು ನಂಬುವುದು ಸುಲಭವಾಯಿತು.

ಏನಂತೆ ಎಂದು ಅಜ್ಜಿ ಕೇಳಿದರು, ಹೇಳಿದೆ.

“ಸತ್ತೋದ್ದ ಸತ್ತೋಯ್ತು ಅನ್ನಕ್ಕೆ ಅಷ್ಟು ದೂರದಿಂದ ಬರ್ಬೇಕಿತ್ತಾ ಪಾಪ? ಊಟ ಮಾಡ್ಕಂಡು ಹೋಗಕ್ಕೆ ಹೇಳು” ಎಂದರು. ಅಧಿಕಾರಿ ಮುದ್ದೆ ಮುರಿಯಲು ಬಾರದೆ ಚಮಚ ಕೇಳಿದರು. ಸೊಸೆ ಮುಖ ತಿರುಗಿಸಿಕೊಂಡು ನಕ್ಕರು.

ಪತ್ರ ಬಂದದ್ದು ಅದಾಗಿ ಕೆಲವು ತಿಂಗಳ ಮೇಲೆ. ನಾನೇ ತೆಗೆದುಕೊಂಡು ಹೋದೆ. ಅಜ್ಜಿಯ ಮಗ ಅದಕ್ಕೆ ಗಾಜು ಹಾಕಿಸಿ ನರ್ಸರಿಯವನ ಅಂಗಡಿಯ ಎದುರೇ ಹಿಡಿದು ನಿಲ್ಲುತ್ತೇನೆ ಎಂದು ಕುಣಿಯುತ್ತಿದ್ದರು. ಅಜ್ಜಿ ಅವರನ್ನು ಸುಮ್ಮನಿರಿಸಿ ನನಗೆ ಓದಲು ಹೇಳಿದರು. ತಳಿಯ ಹೆಸರು ಬಚ್ಚಲ ಮರ. ಅದರ ಗುಣ ಇಂಥದ್ದು. ತಾಯಿ ಮರ ಸಂಪಿಗೆಯಲ್ಲಿದೆ. ಕೊನೆಯ ಸಾಲಿನಲ್ಲಿ ಅಜ್ಜಿಯ ಹೆಸರು ಇತ್ತು.

“ಇವರು ಈ ತಳಿಯನ್ನು ಕಾಪಾಡುತ್ತಿದ್ದಾರೆ ಅಂತ ಬರೆದಿದ್ದಾರೆ ಅಜ್ಜಿ.”

“ಕಾಪಾಡುದ್ರು ಅಂತ ಅಲ್ವಾ?”

“ಅಲ್ಲ. ಈಗಲೂ ಕಾಪಾಡ್ತಾ ಇದ್ದಾರೆ ಅಂತ.”

ಅಜ್ಜಿ ಆ ಸಾಲಿನ ಮೇಲೆ ಬೆರಳಿಟ್ಟು, ತಮ್ಮ ಹೆಸರು ಯಾವುದು ಎಂದು ಕೇಳಿ ತಿಳಿದುಕೊಂಡರು. ಕಾಗದವನ್ನು ನನ್ನ ಕೈಗೇ ವಾಪಸ್ ಕೊಟ್ಟರು. ಮೊಣಕಾಲಿಗೆ ಕೈಯೂರಿ ಎದ್ದು ಹಿತ್ತಲಿಗೆ ನಡೆದರು. ಅಲ್ಲಿ ಮರಳು ಪಾತಿಯಲ್ಲಿ ಹನ್ನೊಂದು ಸಸಿಗಳು ಮೊಣಕಾಲೆತ್ತರ ಬಂದಿದ್ದವು. ಸೊಸೆ ಬಿಂದಿಗೆ ತೆಗೆದುಕೊಂಡು ಹಿಂದೆಯೇ ಓಡಿದರು.

“ಇಲ್ಲಿ ಕೊಡೇ ಬಿಂದಿಗೇನ” ಎಂದರು ಅಜ್ಜಿ. “ಅವ್ರು ಬರ್ದಿರದು ನನ್ ಹೆಸ್ರು.”